ನೀರಿಗಿಂತ ಒಂದು ಗೇಣು ಮೇಲೆ

"ಟಾರ್ಚ್ ಆರಿಸು ಮಗಳೇ. ಕತ್ತಲಲ್ಲೇ ನೋಡು."

ಆರಿಸಿದೆ. ಎತ್ತಿ ನಿಲ್ಲಿಸಿದ ಬಾನೆಟ್, ಅದರ ಮೇಲೆ ಟಾರ್ಪಾಲು, ಟಾರ್ಪಾಲಿನ ಮೇಲೆ ಮಳೆ. ಕೆಳಗೆ ಇಂಜಿನ್ ಒಂದೇ ಸಮ ಕೆಮ್ಮುತ್ತಿತ್ತು. ಮೊದಲು ಏನೂ ಕಾಣಲಿಲ್ಲ. ಕಣ್ಣು ಕತ್ತಲಿಗೆ ಹೊಂದಿಕೊಂಡ ಮೇಲೆ ಕಂಡಿತು. ಪ್ಲಗ್ಗಿಗೆ ಹೋಗುವ ದಪ್ಪ ವೈರುಗಳ ಮೈಮೇಲೆ ನೀಲಿ ಕಿಡಿಗಳು ಓಡಾಡುತ್ತಿದ್ದವು. ಚಿಟ್, ಚಿಟ್, ಚಿಟ್. ಒಂದು ವೈರಿನಿಂದ ಪಕ್ಕದ್ದಕ್ಕೆ ಹಾರಿ, ಅಲ್ಲಿಂದ ಇಂಜಿನ್ನಿನ ಕಬ್ಬಿಣಕ್ಕೆ ಇಳಿದು ಮಾಯ. ಸಿಲಿಂಡರಿನ ಒಳಗೆ ಸಿಡಿಯಬೇಕಾದ ಬೆಂಕಿ ಹೊರಗಿನ ಒದ್ದೆಯಲ್ಲೇ ಪೋಲಾಗುತ್ತಿತ್ತು.

"ಕಂಡಿತಾ?" ಜೀಪಿನ ಹಿಂದಿನ ಸೀಟಿನಿಂದ ಮಾವ ಕೇಳಿದರು.

"ಕಂಡಿತು. ಎರಡನೇದು, ಮೂರನೇದು ಎರಡೂ ಲೀಕು."

"ಕೈ ಹಾಕಬೇಡ. ಹತ್ತು ಹದಿನೈದು ಸಾವಿರ... ವೋಲ್ಟು. ಇಂಜಿನ್ ಆಫ್ ಮಾಡಿ... ಆಮೇಲೆ ಮುಟ್ಟು."

ಇಷ್ಟು ಹೇಳುವಷ್ಟರಲ್ಲಿ ಮೂರು ಸಲ ಉಸಿರೆಳೆದುಕೊಂಡರು. ಅವರ ಎರಡೂ ಮೂತ್ರಪಿಂಡ ಕೈಕೊಟ್ಟು ವರ್ಷಗಳಾಗಿದ್ದವು. ಮಂಗಳವಾರ, ಶುಕ್ರವಾರ ಮಡಿಕೇರಿಗೆ ಹೋಗಿ ಡಯಾಲಿಸಿಸ್ ಮಾಡಿಸಿಕೊಂಡು ಬರುತ್ತಿದ್ದವರು. ಈ ವಾರ ಮಂಗಳವಾರದ್ದು ಮಳೆಗೆ ತಪ್ಪಿತ್ತು, ಶುಕ್ರವಾರದ್ದೂ ತಪ್ಪಿ ಸಂಜೆಯಾಗಿತ್ತು. ಡಯಾಲಿಸಿಸ್ ತಪ್ಪಿದರೆ ಕುಡಿದ ನೀರು ಹೊರಗೆ ಹೋಗದೆ ಮೈಯಲ್ಲೇ ಉಳಿಯುತ್ತದೆ. ಮೊದಲು ಪಾದ ಊದುತ್ತದೆ, ಆಮೇಲೆ ಶ್ವಾಸಕೋಶಕ್ಕೆ ಏರುತ್ತದೆ. ಮಲಗಿದರೆ ಉಸಿರು ಕಟ್ಟುತ್ತದೆಂದು ಮಾವ ಹಿಂದಿನ ರಾತ್ರಿಯೆಲ್ಲ ಗೋಡೆಗೆ ಒರಗಿ ಕೂತೇ ಕಳೆದಿದ್ದರು.

2019ರ ಆಗಸ್ಟ್ 9. ಹಿಂದಿನ ವರ್ಷ ಇದೇ ತಿಂಗಳಲ್ಲಿ ಜೋಡುಪಾಲ, ಮಕ್ಕಂದೂರು, ಮುಕ್ಕೋಡ್ಲು ಕಡೆ ಬೆಟ್ಟಗಳೇ ಜಾರಿ ಬಂದಿದ್ದವು. ಆ ಹೆದರಿಕೆ ಇನ್ನೂ ಮಾಸಿರಲಿಲ್ಲ, ಅಷ್ಟರಲ್ಲಿ ಈ ಸಲ ಹೊಳೆಯೇ ಮನೆ ಬಾಗಿಲಿಗೆ ಬಂತು. ಬೇಸಿಗೆಯಲ್ಲಿ ಪ್ರವಾಸಿಗರು ಬಂಡೆಯಿಂದ ಬಂಡೆಗೆ ಕಾಲಿಟ್ಟು ದುಬಾರೆಯ ಸಾಕಾನೆ ಶಿಬಿರಕ್ಕೆ ದಾಟುತ್ತಾರಲ್ಲ, ಆ ಬಂಡೆಗಳು ಎಲ್ಲಿದ್ದವು ಎಂದು ಗುರುತು ಹಿಡಿಯಲು ಸಾಧ್ಯವಿರಲಿಲ್ಲ. ಕೆಂಪು ನೀರು ಮರಗಳ ಸೊಂಟ ಹಿಡಿದು ಎಳೆಯುತ್ತಿತ್ತು. ದೋಣಿ ನಿಂತಿತ್ತು, ರ‍್ಯಾಫ್ಟಿಂಗ್ ನಿಂತಿತ್ತು, ಕರೆಂಟಿಲ್ಲ, ಮೊಬೈಲಿಗೆ ಸಿಗ್ನಲ್ ಇಲ್ಲ. ಶಿಬಿರ ಆ ದಡ, ನಂಜರಾಯಪಟ್ಟಣದ ಬದಿಯ ನಮ್ಮ ಮನೆ, ತೋಟ ಈ ದಡ. ಅಕ್ಕಿ ಸಾಮಾನಿಗೆಂದು ಈಚೆ ಬಂದಿದ್ದ ಮಾವುತನೊಬ್ಬ ವಾಪಸ್ ಹೋಗಲಾಗದೆ ನಮ್ಮ ಕೊಟ್ಟಿಗೆಯ ಜಗಲಿಯಲ್ಲಿ ಉಳಿದುಕೊಂಡಿದ್ದ. ಅಂಥಾ ಆನೆಗಳಿರುವ ಊರಲ್ಲಿ ಜೀಪು ಎಳೆಸಲು ಒಂದು ಆನೆ ಸಿಗಲಿಲ್ಲವೇ ಎಂದು ಆಮೇಲೆ ಕೇಳಿದವರಿದ್ದಾರೆ. ಆನೆಗಳೆಲ್ಲ ಆ ದಡದಲ್ಲಿದ್ದವು, ಮಾವುತ ಮಾತ್ರ ಈ ದಡದಲ್ಲಿದ್ದ.

ದಾರಿ ಯಾವುದು? ಸಿದ್ದಾಪುರದ ಕಡೆ ಕರಡಿಗೋಡು, ನೆಲ್ಯಹುದಿಕೇರಿಯಲ್ಲಿ ಹೊಳೆ ಬದಿಯ ಮನೆಗಳೇ ಹೋಗುತ್ತಿವೆ ಎಂಬ ಸುದ್ದಿ. ಕುಶಾಲನಗರದ ಬಡಾವಣೆಗಳಿಗೆ ನೀರು ನುಗ್ಗಿದೆ. ಉಳಿದದ್ದು ಒಂದೇ: ಗುಡ್ಡೆಹೊಸೂರಿಗೆ ಹೋಗಿ ಹೆದ್ದಾರಿ ಹಿಡಿದು, ಆನೆಕಾಡು, ಸುಂಟಿಕೊಪ್ಪದ ಮೇಲೆ ಮಡಿಕೇರಿಗೆ ಏರುವುದು. ಆದರೆ ಗುಡ್ಡೆಹೊಸೂರಿಗೆ ಮೊದಲು ಗದ್ದೆಗಳ ನಡುವೆ ರಸ್ತೆ ತಗ್ಗಿಗಿಳಿಯುವ ಒಂದು ಜಾಗವಿದೆ. ತೋಡಿನ ನೀರು ಹೊಳೆಗೆ ಸೇರಲಾಗದೆ ಹಿಂದಕ್ಕೆ ಒತ್ತಿ ಅಲ್ಲಿ ಕೆರೆಯಾಗಿತ್ತು. ಮಧ್ಯಾಹ್ನ ನೋಡಿ ಬಂದವರು "ತೊಡೆ ಮಟ್ಟ" ಎಂದರು.

ಮತ್ತು ನಮ್ಮ ಹತ್ತಿರ ಇದ್ದದ್ದು ಮಾವನ ಹಳೇ ಪೆಟ್ರೋಲ್ ಮಹೀಂದ್ರ ಜೀಪು. ವಾರದಿಂದ ಸೋರುವ ಶೆಡ್ಡಿನಲ್ಲಿ ನಿಂತು ಒಳಗೆಲ್ಲ ಒದ್ದೆಯಾಗಿ, ಈಗ ನೀಲಿ ಕಿಡಿ ಕಾರುತ್ತಿದ್ದದ್ದು ಅದೇ.

ಮಾವ ಸೇನೆಯ ಇ.ಎಂ.ಇ. ವಿಭಾಗದಲ್ಲಿ ಇದ್ದವರು. ಕೆಟ್ಟ ವಾಹನವನ್ನು ಕೆಟ್ಟ ಜಾಗದಲ್ಲೇ ರಿಪೇರಿ ಮಾಡುವುದು ಆ ವಿಭಾಗದ ಕಸುಬು. ಏಳಲಾಗದ ಮನುಷ್ಯ ಆ ಸಂಜೆ ನನ್ನ ಎರಡು ಕೈಗಳನ್ನು ತನ್ನದಾಗಿ ಮಾಡಿಕೊಂಡು ಕೆಲಸ ತೆಗೆದರು.

"ಮನೆಯಲ್ಲಿ ಒಣಗಿದ್ದು ಏನಿದೆ?"

ಕಕ್ಕಡ ತಿಂಗಳಲ್ಲಿ ಕೊಡಗಿನವರನ್ನು ಕೇಳಬಾರದ ಪ್ರಶ್ನೆ. ನಮ್ಮಲ್ಲಿ ಮಳೆ ಅಳೆಯುವುದು ಇಂಚು, ಸೆಂಟಿನಲ್ಲಿ. ಆ ವಾರ ತೋಟದ ಮಳೆಮಾಪಕ ದಿನಕ್ಕೆ ಎರಡು ಸಲ ಖಾಲಿ ಮಾಡಿಸಿಕೊಳ್ಳುತ್ತಿತ್ತು. ಗೋಡೆ ಒದ್ದೆ, ಬೆಂಕಿಪೊಟ್ಟಣ ಒದ್ದೆ, ಉಪ್ಪು ನೀರಾಗಿತ್ತು. ಒಣಗಿದ್ದು ಸಿಕ್ಕುವುದು ಒಲೆಯ ಮೇಲಿನ ಅಟ್ಟದಲ್ಲಿ ಮಾತ್ರ. ಅತ್ತೆ ಅಲ್ಲಿಂದ ಹೊಗೆ ವಾಸನೆಯ ಹಳೇ ಪಂಚೆ ಇಳಿಸಿ ಅಂಗೈ ಅಗಲ ಹರಿದು, ಅರ್ಧ ನನಗೆ ಕೊಟ್ಟು, ಉಳಿದರ್ಧವನ್ನು ಸ್ಟೀಲ್ ಟಿಫಿನ್ ಡಬ್ಬಿಗೆ ತುಂಬಿ ಬಿಗಿಯಾಗಿ ಮುಚ್ಚಿದರು. ಆ ರಾತ್ರಿ ನಾವು ಹೊತ್ತೊಯ್ದ ಸಾಮಾನಿನಲ್ಲಿ ಬೆಲೆಬಾಳುವುದು ಅದೇ ಎಂದು ಹೊರಡುವಾಗ ನನಗೆ ತಿಳಿದಿರಲಿಲ್ಲ.

ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಕಪ್ಪು ಮುಚ್ಚಳಕ್ಕೆ ಎರಡು ಕ್ಲಿಪ್ಪು. ಸ್ಕ್ರೂಡ್ರೈವರ್ ತುದಿಯಿಂದ ಎಬ್ಬಿಸಿದರೆ ಟಪ್ಪೆಂದು ಬಿಚ್ಚುತ್ತದೆ. ಒಳಗೆ ನಾಲ್ಕು ಲೋಹದ ಮೊಳೆ, ನಡುವೆ ಇಂಗಾಲದ ಗುಂಡಿ, ಅವುಗಳ ಸುತ್ತ ಸಾಸಿವೆ ಗಾತ್ರದ ನೀರ ಹನಿಗಳು. ಇಷ್ಟೇ ಹನಿ ಸಾಕು ಒಂದು ಟನ್ ತೂಗುವ ವಾಹನವನ್ನು ನಿಲ್ಲಿಸಲು. ಒರೆಸಿದೆ. "ಎರಡು ಮೊಳೆಯ ನಡುವೆ ಕರಿ ಗೆರೆ ಇದೆಯಾ ನೋಡು." ಇತ್ತು, ಪೆನ್ಸಿಲ್ಲಿನಲ್ಲಿ ಎಳೆದಷ್ಟು ತೆಳ್ಳಗೆ. ಸೋರಿದ ಕರೆಂಟು ಸುಟ್ಟು ಮಾಡಿಕೊಂಡ ಕಾಲುದಾರಿ. ಒಮ್ಮೆ ದಾರಿ ಬಿದ್ದರೆ ಒಣಗಿದ ಮೇಲೂ ಕರೆಂಟು ಅಲ್ಲೇ ಹೋಗುತ್ತದೆ. ಚಾಕುವಿನ ತುದಿಯಿಂದ ಕೆರೆದು ತೆಗೆದೆ. ಮುಚ್ಚಳವನ್ನು ಒಲೆಯ ಬದಿಯಲ್ಲಿ, ಬೆಂಕಿಗೆ ತಾಗದ ಹಾಗೆ, ಬೆಚ್ಚಗಾಗಲು ಇಟ್ಟೆವು.

ನೀರು ಓಡಿಸುವ ಡಬ್ಲ್ಯುಡಿ-40 ಡಬ್ಬ ಶೆಡ್ಡಿನಲ್ಲಿತ್ತು, ಖಾಲಿ. 1953ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ನಲವತ್ತನೇ ಪ್ರಯತ್ನಕ್ಕೆ ಕೈಗೂಡಿದ ಮಿಶ್ರಣವಂತೆ ಅದು, ಹೆಸರಿನ ನಲವತ್ತು ಅದಕ್ಕೇ. ನಮಗೆ ನಲವತ್ತು ಪ್ರಯತ್ನಕ್ಕೆ ಪುರುಸೊತ್ತಿರಲಿಲ್ಲ.

"ಅಜ್ಜಿಯ ಹಿಮ್ಮಡಿ ಮುಲಾಮು ತಾ" ಎಂದರು ಮಾವ.

ಅತ್ತೆ ಅವರ ಮುಖ ನೋಡಿದರು. ಬುದ್ಧಿ ಮಂಕಾಯಿತೋ ಎಂಬ ಸಂಶಯ ನನಗೂ ಬಂತು.

ಮುಲಾಮು ಅಂದರೆ ಜೇನುಕುರುಬರಿಂದ ಕೊಂಡ ಜೇನುಮೇಣವನ್ನು ಕೊಬ್ಬರಿ ಎಣ್ಣೆಯಲ್ಲಿ ಕರಗಿಸಿ ಅಜ್ಜಿ ಕರಟದಲ್ಲಿ ಇಟ್ಟುಕೊಂಡಿದ್ದು. ಮಳೆಗಾಲದ ಕೆಸರಲ್ಲಿ ಒಡೆಯುವ ಹಿಮ್ಮಡಿಗೆ ಹಚ್ಚುತ್ತಾರೆ. ನೀರಿಗೆ ಬಗ್ಗುವುದಿಲ್ಲ, ಕರೆಂಟು ಹಾಯಿಸುವುದಿಲ್ಲ. ನನಗೆ ಆಮೇಲೆ ಓದಿ ತಿಳಿದದ್ದು: 1944ರ ಜೂನ್ 6ರಂದು ನಾರ್ಮಂಡಿ ತೀರದಲ್ಲಿ ಸಮುದ್ರದ ನೀರಿಗಿಳಿದ ಜೀಪುಗಳ ಪ್ಲಗ್ಗು, ಡಿಸ್ಟ್ರಿಬ್ಯೂಟರುಗಳಿಗೂ ಗ್ರೀಸಿನಂಥ ಜಿಗುಟು ಮಸಾಲೆ ಮೆತ್ತಿದ್ದರು. ಮಾವ ಓದಿರಲಿಲ್ಲ, ಅವರಿಗೆ ಕಸುಬಿನಲ್ಲೇ ಬಂದಿತ್ತು. "ಹೊರಗೆ ಮಾತ್ರ. ಮುಚ್ಚಳದ ಅಂಚಿಗೆ, ವೈರು ಒಳಹೋಗುವ ಬಾಯಿಗೆ. ಒಳಗೆ ಒಂದು ಚುಕ್ಕೆ ಬೀಳಬಾರದು." ಇಂಜಿನ್ ಬಿಸಿಗೆ ಮೇಣ ಕರಗುವುದಿಲ್ಲವೇ ಎಂದು ಕೇಳಿದೆ. ಕರಗುತ್ತದೆ, ಆದರೆ ಅರ್ಧ ಗಂಟೆ ನಿಂತರೆ ಸಾಕಲ್ಲ ಎಂದರು.

ಮೇಣದ ಮೇಲೆ ಕೈಗವಸು. ಮಾವನ ತೋಳಿನ ಡ್ರೆಸ್ಸಿಂಗಿಗೆ ಅತ್ತೆ ಬಳಸುವ ರಬ್ಬರ್ ಗ್ಲೌಸ್ ಡಬ್ಬ ಮನೆಯಲ್ಲಿತ್ತು. ಐದು ಬೆರಳಿನ ತುದಿ ಕತ್ತರಿಸಿದೆ. ನಾಲ್ಕು ಪ್ಲಗ್ ವೈರು ನಾಲ್ಕು ಬೆರಳಲ್ಲಿ, ಕಾಯಿಲಿನಿಂದ ಬರುವ ವೈರು ಹೆಬ್ಬೆರಳಲ್ಲಿ ತೂರಿಸಿ, ಮಣಿಕಟ್ಟಿನ ಭಾಗವನ್ನು ಡಿಸ್ಟ್ರಿಬ್ಯೂಟರಿನ ಕುತ್ತಿಗೆಗೆ ಎಳೆದರೆ ಲೆಕ್ಕ ಸರಿಹೋಯಿತು, ಇದಕ್ಕೆಂದೇ ಹೊಲಿಸಿದ ಹಾಗೆ. ಬೆರಳಿನ ತುದಿಗಳಿಗೆ ದಾರ ಸುತ್ತಿದೆ. ಬಾನೆಟ್ ಮಡಚುವ ಕೀಲಿನ ಸಂದಿಯಿಂದ ನೀರು ನೇರ ಇಂಜಿನ್ನಿನ ಮೇಲೆ ಬೀಳುತ್ತಿತ್ತು. ಅಲ್ಲಿಗೆ ಸೈಕಲ್ ಟ್ಯೂಬು ಉದ್ದಕ್ಕೆ ಸೀಳಿ ತುರುಕಿದೆ.

ಎಂಟೂವರೆಗೆ ಸೆಲ್ಫ್ ಹೊಡೆದೆ. ನಾಲ್ಕೂ ಸಿಲಿಂಡರು ಒಂದೇ ದನಿಯಲ್ಲಿ ಹಿಡಿದವು. ಟಾರ್ಚ್ ಆರಿಸಿ ನೋಡಿದೆ. ಕಪ್ಪು ಕತ್ತಲೆ, ಒಂದು ನೀಲಿ ಚುಕ್ಕೆಯೂ ಇಲ್ಲ. ಜೀವಮಾನದಲ್ಲಿ ಕತ್ತಲೆ ಕಂಡು ಅಷ್ಟು ಖುಷಿಪಟ್ಟದ್ದಿಲ್ಲ.

ಹಿಂದಿನ ಸೀಟಿನಲ್ಲಿ ಮಾವ ನೆಟ್ಟಗೆ ಕೂತು, ಅವರನ್ನು ಆನಿಸಿಕೊಂಡು ಅತ್ತೆ. ಪಕ್ಕದಲ್ಲಿ ಕತ್ತಿ, ಹಗ್ಗ, ಬಿದಿರು ಗಳು ಹಿಡಿದ ಮಾವುತ. ಹೊರಟೆವು. ವೈಪರ್ ಒಂದೇ ಕೆಲಸ ಮಾಡುತ್ತಿತ್ತು, ಅದೂ ನನ್ನ ಕಡೆಯದಲ್ಲ. ರಸ್ತೆಗೆ ಅಡ್ಡ ಬಿದ್ದ ಸಿಲ್ವರ್ ಓಕಿನ ಕೊಂಬೆಗಳನ್ನು ಮಾವುತ ಇಳಿದು ಕಡಿಯುವನು, ನಾನು ನುಗ್ಗಿಸುವೆನು, ಅವನು ಓಡುತ್ತಲೇ ಹತ್ತಿಕೊಳ್ಳುವನು. "ನಿಲ್ಲಿಸಬೇಡಿ ಅಕ್ಕಾ, ನಾನು ಹತ್ತಿಕೊಳ್ತೀನಿ."

ನೀರಿನ ಅಂಚಿನಲ್ಲಿ ನಮಗಿಂತ ಮೊದಲೇ ಒಂದು ಗಾಡಿ ನಿಂತಿತ್ತು. ಹೊಸದು, ಡೀಸೆಲ್ಲು, ಎತ್ತರದ್ದು, ನಾಲ್ಕೂ ಇಂಡಿಕೇಟರ್ ಮಿನುಗಿಸುತ್ತಾ. ಹೋಮ್‌ಸ್ಟೇಯಿಂದ ಹೊರಟಿದ್ದ ಹುಡುಗರು. ವೇಗವಾಗಿ ಹೋದರೆ ನೀರು ಒಳಗೆ ಬರುವ ಮೊದಲೇ ದಾಟಿಬಿಡಬಹುದೆಂದು ನುಗ್ಗಿದ್ದರಂತೆ. ಎದುರು ಎದ್ದ ಅಲೆ ಬಾನೆಟ್ ಹತ್ತಿ, ಗಾಳಿ ಎಳೆಯುವ ಬಾಯಿಗೇ ಹೋಗಿದೆ. ಇಂಜಿನ್ ಗಡಕ್ಕೆಂದು ನಿಂತಿದೆ. ನಾಲ್ವರೂ ಸೇರಿ ಹಿಂದಕ್ಕೆ ತಳ್ಳಿ ತಂದಿದ್ದಾರೆ. ಒಬ್ಬ ಮತ್ತೆ ಮತ್ತೆ ಸ್ಟಾರ್ಟ್ ಬಟನ್ ಒತ್ತುತ್ತಿದ್ದ.

"ಬೇಡ ಅನ್ನು ಅವನಿಗೆ!" ಮಾವನ ದನಿ ಆ ರಾತ್ರಿ ಏರಿದ್ದು ಅದೊಂದೇ ಸಲ.

ಗಾಳಿಯನ್ನು ಒತ್ತಿದರೆ ಕುಗ್ಗುತ್ತದೆ, ಇಂಜಿನ್ ನಡೆಯುವುದೇ ಆ ಗುಣದಿಂದ. ನೀರು ಕುಗ್ಗುವುದಿಲ್ಲ. ಸಿಲಿಂಡರಿನಲ್ಲಿ ನೀರು ತುಂಬಿ ಪಿಸ್ಟನ್ ಮೇಲೆ ಬಂದರೆ ಬಗ್ಗಬೇಕಾದದ್ದು ಅದನ್ನು ಹಿಡಿದ ಉಕ್ಕಿನ ರಾಡು. ಡೀಸೆಲ್ಲಿಗೆ ಕಿಡಿಯ ತಾಪತ್ರಯವಿಲ್ಲ, ವೈರು ಒದ್ದೆಯಾದರೆ ಅದಕ್ಕೇನೂ ಅನ್ನಿಸುವುದಿಲ್ಲ. ಆದರೆ ಮೂಗಿಗೆ ನೀರು ಹೋದರೆ ಪೆಟ್ರೋಲಿಗಿಂತ ಕಡೆ, ಅಲ್ಲಿನ ಒತ್ತಡ ಇನ್ನೂ ಹೆಚ್ಚು. ಹುಡುಗ ಬಟನ್ ಬಿಟ್ಟ. ಎಷ್ಟು ಹೊತ್ತಿನಿಂದ ಒತ್ತುತ್ತಿದ್ದನೋ.

ಅವರಲ್ಲೊಬ್ಬ ನಮ್ಮ ಬಾನೆಟ್ಟಿನೊಳಗೆ ಇಣುಕಿ, ಕೈಗವಸು ಕಂಡು ನಕ್ಕು, "ಆಂಟೀ, ನಮ್ಮ ಹತ್ತಿರ ರಮ್ ಇದೆ, ಸ್ಪಿರಿಟ್ ಅಲ್ವಾ, ವೈರಿಗೆ ಹಾಕಿದರೆ ಒಣಗುತ್ತೆ" ಎಂದ. ಸೀಟಿನಿಂದ ಮಾವ ಹೇಳಿದರು: "ನೂರಕ್ಕೆ ನಲವತ್ತೆರಡು ಪಾಯಿಂಟ್ ಎಂಟು ಸ್ಪಿರಿಟ್ಟು, ಉಳಿದದ್ದು... ನೀರು. ನೀವೇ ಕುಡಿರಿ. ಗಾಡಿ ಮುಟ್ಟಬೇಡಿ."

ಹೊಸ ಗಾಡಿಗಳವರಿಗೆ ಇಲ್ಲಿ ಒಂದು ಮಾತು ಹೇಳಿಯೇ ಮುಂದೆ ಹೋಗುತ್ತೇನೆ. ಹೊಳೆಗೆ ಇಳಿಸದೆಯೂ ಬಾನೆಟ್ಟಿನೊಳಗೆ ನೀರು ತುಂಬಿಸಿಕೊಂಡವರನ್ನು ಕೊಡಗಿನಲ್ಲಿ ಬೇಕಾದಷ್ಟು ನೋಡಿದ್ದೇನೆ. ಗಾಜಿನ ಬುಡದಲ್ಲಿ, ವೈಪರಿನ ಕೆಳಗೆ ಒಂದು ಕಪ್ಪು ತಟ್ಟೆ ಇರುತ್ತದೆ. ಅದರ ಎರಡು ಮೂಲೆಯಲ್ಲಿ ನೀರು ಇಳಿಯುವ ತೂತು. ತೋಟದಲ್ಲಿ ಮರದಡಿ ನಿಲ್ಲಿಸಿದ ಕಾರಿನ ಆ ತೂತಿಗೆ ಸಿಲ್ವರ್ ಓಕಿನ ಎಲೆ ಬಿದ್ದು ಕೊಳೆತು ಬೆಣೆ ಹೊಡೆದಂತೆ ಕೂರುತ್ತದೆ. ತಟ್ಟೆ ತುಂಬಿ ನೀರು ಫ್ಯೂಸ್ ಪೆಟ್ಟಿಗೆಗೋ ಕಂಪ್ಯೂಟರ್ ಪೆಟ್ಟಿಗೆಗೋ ದಾರಿ ಹುಡುಕುತ್ತದೆ. ಮೇ ತಿಂಗಳ ಕೊನೆಗೆ ಒಂದು ತಂತಿ ಹಿಡಿದು ಆ ತೂತು ಬಿಡಿಸಿ, ಒಂದು ಚೊಂಬು ನೀರು ಹಾಕಿ ಕೆಳಗೆ ಬೀಳುತ್ತದೋ ನೋಡಿದರೆ ಆಯಿತು. ಕಾರು ತೊಳೆಸುವಾಗ ಬಾನೆಟ್ ಎತ್ತಿಸಿ ಇಂಜಿನ್ನಿಗೂ ಪ್ರೆಷರ್ ಹೊಡೆಸುವವರಿದ್ದಾರೆ. ಅವರಿಗೆ ನಾನು ಹೇಳುವುದು ಏನೂ ಇಲ್ಲ.

ಮಾವುತ ನೀರಿಗೆ ಒಂದು ಎಲೆ ಎಸೆದ. ಮಾವನ ಅಪ್ಪಣೆ ಅದು. ಎಲೆ ಓಡಿದರೆ ವಾಪಸ್, ನಿಂತರೆ ಮುಂದೆ. ಹರಿಯುವ ನೀರು ಒಂದಡಿ ಇದ್ದರೂ ಸಣ್ಣ ಕಾರನ್ನು ಸರಿಸುತ್ತದೆ, ಎರಡಡಿ ಇದ್ದರೆ ಹೆಚ್ಚಿನ ವಾಹನಗಳನ್ನು ಎತ್ತಿಕೊಂಡು ಹೋಗುತ್ತದೆ, ಒಳಗೆ ಯಾರಿದ್ದಾರೆಂದು ಕೇಳುವುದಿಲ್ಲ. ಎಲೆ ಬಿದ್ದ ಕಡೆಯೇ ನಿಧಾನ ತಿರುಗುತ್ತಾ ಉಳಿಯಿತು. ಹಿನ್ನೀರು, ಸೆಳೆತವಿಲ್ಲ.

ಸ್ಪ್ಯಾನರ್ ಹಿಡಿದು ಫ್ಯಾನ್ ಬೆಲ್ಟ್ ಸಡಿಲಿಸಿದೆ. ಫ್ಯಾನು ತಿರುಗಿದರೆ ಕೆಳಗಿನ ನೀರನ್ನು ಬಾಚಿ ಇಂಜಿನ್ನಿನ ಮೈಗೆಲ್ಲ ಎರಚುತ್ತದೆ. ಬೆಲ್ಟ್ ಬಿಟ್ಟರೆ ನೀರಿನ ಪಂಪೂ ನಿಲ್ಲುತ್ತದೆ, ಕೆಲವೇ ನಿಮಿಷದಲ್ಲಿ ಇಂಜಿನ್ ಕುದಿಯಲು ಶುರು. ಅಷ್ಟರೊಳಗೆ ಆಚೆ ಇರಬೇಕು. ಟಾರ್ಪಾಲನ್ನು ಬಂಪರಿನಿಂದ ಬಾನೆಟ್ಟಿನವರೆಗೆ ಮುಂಭಾಗಕ್ಕೆ ಬಿಗಿದು ಕಟ್ಟಿದೆವು. ಜೀಪು ಒಂದೇ ಸಮನೆ ನಡೆಯುತ್ತಿದ್ದರೆ ನೀರು ಮುಂದೆ ಅಲೆಯಾಗಿ ಸರಿದು, ಟಾರ್ಪಾಲಿನ ಹಿಂದೆ ಮಟ್ಟ ತಗ್ಗುತ್ತದೆ. ನಡೆಯುತ್ತಿರುವವರೆಗೆ ಮಾತ್ರ.

"ಫೋರ್ ವೀಲ್. ಲೋ. ಸೆಕೆಂಡ್ ಗೇರ್. ಆಕ್ಸಿಲರೇಟರ್ ಬಿಡಬೇಡ. ಕ್ಲಚ್ ಮುಟ್ಟಬೇಡ. ನಿಲ್ಲಬೇಡ."

ಮಾವುತ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಗಳು ಊರುತ್ತಾ ಮುಂದೆ ಹೋದ. ಕಾಲಿಡುವ ಮೊದಲು ನೆಲ ತಟ್ಟಿ ನೋಡುವುದನ್ನು ಆನೆಯ ಜೊತೆ ಬದುಕಿದವನಿಗೆ ಕಲಿಸಬೇಕಾಗಿಲ್ಲ. ಎಡಕ್ಕೆ ಗದ್ದೆ, ಬಲಕ್ಕೆ ತೋಡು, ನಡುವೆ ಕಾಣದ ಟಾರು. ನೀರು ಅವನ ಮೊಣಕಾಲು ದಾಟಿತು. ಜೀಪಿನ ನೆಲದ ತೂತುಗಳಿಂದ ಒಳಗೆ ಬಂತು, ನನ್ನ ಪಾದ ತಣ್ಣಗಾಯಿತು. ಅತ್ತೆ ಮಾವನ ಊದಿದ ಕಾಲುಗಳನ್ನು ಎತ್ತಿ ತನ್ನ ಮಡಿಲಲ್ಲಿ ಇಟ್ಟುಕೊಂಡರು. ಅಲೆ ನಮ್ಮ ಮುಂದೆ ಮುಂದೆ ಸಾಗುತ್ತಿತ್ತು, ಸೈಲೆನ್ಸರ್ ನೀರೊಳಗಿನಿಂದ ಗುಳುಗುಳು ಎನ್ನುತ್ತಿತ್ತು. ನಾಲ್ಕೂ ಸಿಲಿಂಡರು ಹಾಡುತ್ತಿದ್ದವು. ಅರ್ಧ ದಾಟಿದೆವು. ಮುಕ್ಕಾಲು.

ಮಾವುತ ಎರಡೂ ಕೈ ಮೇಲೆತ್ತಿದ.

ಕತ್ತಲಲ್ಲಿ ಒಂದು ಮರದ ದಿಮ್ಮಿ, ಬೇರು ಸಮೇತ, ರಸ್ತೆಗೆ ಅಡ್ಡ ತೇಲಿ ಬಂದು ಅವನಿಗೂ ನಮಗೂ ನಡುವೆ ನಿಂತಿತ್ತು. ಬ್ರೇಕ್ ಒತ್ತಿದೆ. ನಿಲ್ಲಲೇಬೇಕಾಯಿತು. ಮುಂದೆ ಹೋದ ಅಲೆ ದಿಮ್ಮಿಗೆ ಬಡಿದು ತಿರುಗಿ ಬಂದು ಟಾರ್ಪಾಲಿನ ಮೂಲೆ ಕಿತ್ತಿತು. ತಣ್ಣೀರು ಸುಡುವ ಮ್ಯಾನಿಫೋಲ್ಡಿಗೆ ಬಿದ್ದ ಸದ್ದು ಸೀಟಿನಲ್ಲೇ ಕೇಳಿತು. ಬಾನೆಟ್ಟಿನ ಸಂದಿಗಳಿಂದ ಬಿಳಿ ಹಬೆ. ಇಂಜಿನ್ ಮೂರರಲ್ಲಿ ಓಡಿತು, ಎರಡರಲ್ಲಿ ಓಡಿತು, ನಿಂತಿತು.

ಮಳೆಯ ಸದ್ದು ಬಿಟ್ಟರೆ ಮಾವನ ಉಸಿರು.

ಕೈ ತಾನಾಗಿ ಸೆಲ್ಫಿಗೆ ಹೋಯಿತು.

"ಮುಟ್ಟಬೇಡ. ಮೊದಲು... ಏರ್ ಕ್ಲೀನರ್."

ಇಳಿದೆ. ನೀರು ತೊಡೆಗೆ ಬಂತು. ಟಾರ್ಪಾಲಿನ ಒಂದು ಬದಿ ಬಿಚ್ಚಿ ಬಾನೆಟ್ಟನ್ನು ಅರೆ ಎತ್ತಿ ಕೈ ಒಳಗೆ ಹಾಕಿದೆ. ಎಣ್ಣೆ ಬಟ್ಟಲಿನ ಏರ್ ಕ್ಲೀನರು ಎಲ್ಲಿದೆಯೆಂದು ತಡಕಾಡಿ, ಅದರ ಮೈ, ಬಾಯಿ, ಕಾರ್ಬೊರೇಟರಿಗೆ ಹೋಗುವ ರಬ್ಬರ್ ಪೈಪು ಎಲ್ಲ ಸವರಿದೆ. ಅಲ್ಲಿಂದ ಕೆಳಕ್ಕೆ ಕೈ ಬಿಟ್ಟರೆ ನೀರು ಸಿಕ್ಕಿದ್ದು ಒಂದು ಗೇಣು ಆದ ಮೇಲೆ.

"ಗೇಣು ಕೆಳಗಿದೆ ಮಾವ. ಒಳಗೆ ಹೋಗಿಲ್ಲ."

"ಹಾಗಾದರೆ ಬರೀ ಹಬೆ. ಕಾಯಿಲ್ ನೋಡು."

ಡಿಸ್ಟ್ರಿಬ್ಯೂಟರಿನ ಕೈಗವಸು ಹಾಗೇ ಇತ್ತು, ಮೇಣ ಮೆತ್ತಗಾಗಿದ್ದರೂ ಜಾಗ ಬಿಟ್ಟಿರಲಿಲ್ಲ. ನಾವು ಮರೆತದ್ದು ಕಾಯಿಲಿನ ಮೂತಿ. ಹಬೆ ಅಲ್ಲಿ ಕೂತು ಹನಿಯಾಗಿ ಇಳಿಯುತ್ತಿತ್ತು. ಅತ್ತೆ ಟಿಫಿನ್ ಡಬ್ಬಿ ತೆರೆದು ಒಂದೊಂದೇ ತುಂಡು ಕೈಗೆ ಕೊಟ್ಟರು, ಪ್ರತಿ ತುಂಡಿಗೂ ಡಬ್ಬಿ ಮುಚ್ಚುತ್ತಾ. ಅಷ್ಟು ನೀರಿನ ನಡುವೆ ಹೊಗೆ ವಾಸನೆಯ ಆ ಒಣ ಬಟ್ಟೆ ಕೈಗೆ ಸಿಕ್ಕಾಗ ಅನ್ನ ಸಿಕ್ಕ ಹಾಗಾಯಿತು. ಒರೆಸಿದೆ, ಕರಟದಿಂದ ಒಂದು ಬೆರಳು ಮುಲಾಮು ಮೆತ್ತಿದೆ. ಮಾವುತ ಅಷ್ಟರಲ್ಲಿ ದಿಮ್ಮಿಯ ಬೇರಿಗೆ ಗಳು ಕೊಟ್ಟು, ಬೈದು, ಗದರಿ, ಆನೆಗೆ ಹೇಳುವ ಮಾತುಗಳನ್ನೇ ಅದಕ್ಕೂ ಹೇಳಿ ಗದ್ದೆಯ ಕಡೆಗೆ ತಿರುಗಿಸಿದ್ದ.

ಸೆಲ್ಫ್ ಹೊಡೆದೆ. ತಿರುಗಿತು, ಹಿಡಿಯಲಿಲ್ಲ. ಮತ್ತೆ. ಮತ್ತೆ. ಬ್ಯಾಟರಿಯ ದನಿ ಇಳಿಯುತ್ತಿತ್ತು.

"ಸಾಕು. ಅದನ್ನು ಕೊಲ್ಲಬೇಡ. ಲೋ ಫಸ್ಟ್ ಹಾಕು. ಕ್ಲಚ್ ಬಿಟ್ಟುಬಿಡು. ಈಗ ಸೆಲ್ಫ್."

ಗೇರಿನಲ್ಲಿದ್ದ ಜೀಪು ಇಂಜಿನ್ನಿಲ್ಲದೆ, ಬರೀ ಸ್ಟಾರ್ಟರ್ ಮೋಟಾರಿನ ಬಲದಲ್ಲಿ ಮುಗ್ಗರಿಸಿ ಒಂದು ಮೊಳ ಮುಂದೆ ಬಂತು. ನಿಂತೆ. ಮತ್ತೆ ಹೊಡೆದೆ, ಇನ್ನೊಂದು ಮೊಳ. ಹಿಂದಿನಿಂದ ಅತ್ತೆಯೂ ಇಳಿದು ತಳ್ಳಿದರು, ಪಕ್ಕದಿಂದ ಮಾವುತ. ಮೊಳ ಮೊಳವಾಗಿ ರಸ್ತೆ ಏರಿತು. ನೀರು ತೊಡೆಯಿಂದ ಮೊಣಕಾಲಿಗೆ, ಮೊಣಕಾಲಿನಿಂದ ಮೀನಖಂಡಕ್ಕೆ ಇಳಿಯುವಷ್ಟರಲ್ಲಿ ಬ್ಯಾಟರಿ ಟಿಕ್ ಎಂದು ಸುಮ್ಮನಾಯಿತು.

ಟಾರ್ಪಾಲು ಕಿತ್ತೆಸೆದು, ಬಂಪರಿನ ತೂತಿಗೆ ಹ್ಯಾಂಡಲ್ ತುರುಕಿದೆವು. ಹಳೇ ಜೀಪಿನ ಪುಣ್ಯ ಅದು, ಕೈಯಲ್ಲಿ ತಿರುಗಿಸಿ ಎಬ್ಬಿಸಬಹುದು. "ಹೆಬ್ಬೆರಳು ಸುತ್ತಬೇಡ ಅಂತ ಹೇಳು ಅವನಿಗೆ. ಐದೂ ಬೆರಳು ಒಂದೇ ಕಡೆ." ಇಂಜಿನ್ ಹಿಂದಕ್ಕೆ ಒದ್ದರೆ ಸುತ್ತಿ ಹಿಡಿದ ಹೆಬ್ಬೆರಳು ಮುರಿಯುತ್ತದೆ. ಮಾವುತ ಕಾಲು ಅಗಲಿಸಿ ನಿಂತು ಎಳೆದ. ಏನಿಲ್ಲ. ಇನ್ನೊಮ್ಮೆ. ಸೈಲೆನ್ಸರಿನಿಂದ ಒಂದು ಲೋಟ ನೀರು ಉಗುಳಿತು. ಮೂರನೆಯ ಎಳೆತಕ್ಕೆ ಒಂದು ಸಿಲಿಂಡರು ಕೆಮ್ಮಿತು, ಇನ್ನೊಂದು ಸೇರಿಕೊಂಡಿತು, ಜೀಪು ಮೈಯೆಲ್ಲ ನಡುಗಿಸಿಕೊಂಡು ಎದ್ದಿತು.

ಆಚೆ ದಡದಿಂದ ಆ ಹುಡುಗರು ಶಿಳ್ಳೆ ಹಾಕಿದ್ದು ಮಳೆಯಲ್ಲೂ ಕೇಳಿತು.

ಖುಷಿಪಡಲು ಸಮಯವಿರಲಿಲ್ಲ. ಉಷ್ಣದ ಮುಳ್ಳು ಕೆಂಪು ಮುಟ್ಟುತ್ತಿತ್ತು. ಬೆಲ್ಟ್ ಬಿಗಿದೆ, ಕೈ ಸುಟ್ಟುಕೊಂಡೇ ಬಿಗಿದೆ. ಕಟ್ಟಿದ್ದನ್ನೆಲ್ಲ ಹೊತ್ತಿಗೆ ಸರಿಯಾಗಿ ಬಿಚ್ಚದಿದ್ದರೆ ನೀರಿನಿಂದ ಉಳಿಸಿದ ಇಂಜಿನ್ನು ಬಿಸಿಗೆ ಸಾಯುತ್ತದೆ. ಬ್ರೇಕಿನ ಡ್ರಮ್ಮುಗಳಲ್ಲಿ ನೀರು ತುಂಬಿ ಪೆಡಲ್ ಒತ್ತಿದರೂ ಜೀಪು ತನ್ನಷ್ಟಕ್ಕೆ ಹೋಗುತ್ತಿತ್ತು. ಎಡಗಾಲು ಬ್ರೇಕಿನ ಮೇಲೆ ಲಘುವಾಗಿ ಇಟ್ಟೇ ಓಡಿಸಿ, ಉಜ್ಜಿಸಿ ಒಣಗಿಸಿಕೊಂಡು ಗುಡ್ಡೆಹೊಸೂರು ಮುಟ್ಟಿದೆವು.

ಹೆದ್ದಾರಿಯಲ್ಲಿ ಒಂದು ನರಪಿಳ್ಳೆ ಇಲ್ಲ. ಬ್ಯಾಟರಿ ಸತ್ತಿದ್ದರಿಂದ ಲೈಟೂ ಕಿಡಿಯೂ ಡೈನಮೋ ಒಂದನ್ನೇ ನಂಬಿದ್ದವು. ಆಕ್ಸಿಲರೇಟರ್ ಬಿಟ್ಟರೆ ಹೆಡ್‌ಲೈಟು ಚಿಮಣಿ ದೀಪವಾಗುತ್ತಿತ್ತು, ಇಂಜಿನ್ ಮಿಡುಕುತ್ತಿತ್ತು. ಆನೆಕಾಡಿನ ಮಧ್ಯೆ ಮಾವುತ ನನ್ನ ಮೊಣಕೈ ಹಿಡಿದ. ವಾಸನೆ ಮೊದಲು ಮೂಗಿಗೆ ಬಂದದ್ದು ಅವನಿಗೆ. ತಿರುವಿನಾಚೆ, ರಸ್ತೆಯ ಅಂಚಿನಲ್ಲಿ, ಕಪ್ಪಿಗಿಂತ ಕಪ್ಪಾಗಿ ಒಂದು ಕಾಡಾನೆ ಬಿದಿರು ಎಳೆಯುತ್ತಿತ್ತು. ನಿಲ್ಲಿಸಿದರೆ ಇಂಜಿನ್ ಆರುತ್ತದೆ, ಆರಿದರೆ ಅದರ ಮುಂದೆ ಇಳಿದು ಹ್ಯಾಂಡಲ್ ಹೊಡೆಯಬೇಕು. ರೇಸ್ ಮಾಡಿದರೆ ಸದ್ದಿಗೆ ತಿರುಗಿ ಬಂದರೆ? ಕ್ಲಚ್ ಅರೆ ಒತ್ತಿ, ಇಂಜಿನ್ನನ್ನು ಆರದಷ್ಟು ಮಾತ್ರ ಎಬ್ಬಿಸಿ, ನಡಿಗೆಯ ವೇಗದಲ್ಲಿ ರಸ್ತೆಯ ಇನ್ನೊಂದು ಅಂಚಿಗೆ ಒತ್ತಿಕೊಂಡು ಹೋದೆ. ಮಾವುತ ಬಾಯೊಳಗೇ ಏನೋ ಗುನುಗುತ್ತಿದ್ದ. ಆನೆ ಕಿವಿ ಅಗಲಿಸಿತು. ಸೊಂಡಿಲಲ್ಲಿ ಬಿದಿರು ಹಾಗೇ ಇತ್ತು. ದಾಟಿದೆವು. ಹಿಂದೆ ತಿರುಗಿ ನೋಡಿದವರು ಯಾರೂ ಇಲ್ಲ.

ಸುಂಟಿಕೊಪ್ಪದಲ್ಲಿ ಮಂಜು, ಮುಂದೆ ಏರು. ರಸ್ತೆ ಬದಿಯ ದರೆಯಿಂದ ಮಣ್ಣು ಇಳಿದು ಅರ್ಧ ರಸ್ತೆ ಹೋದ ಕಡೆಯೆಲ್ಲ ಅತ್ತೆ ಮಾವನಿಗೆ ಕಾಣದ ಹಾಗೆ ಸೆರಗು ಅಡ್ಡ ಹಿಡಿಯುತ್ತಿದ್ದರು. ಅವರು ಕಣ್ಣು ಮುಚ್ಚಿ ಇಂಜಿನ್ನಿನ ಸದ್ದು ಕೇಳುತ್ತಿದ್ದರು. "ಮೂರನೇದು ಆಗಾಗ ತಪ್ಪುತ್ತಿದೆ" ಎಂದರು ಬೋಯಿಕೇರಿ ದಾಟಿದ ಮೇಲೆ. ತುಟಿ ನೀಲಿಯಾಗಿತ್ತು.

ನಡುರಾತ್ರಿ ದಾಟಿ ಆಸ್ಪತ್ರೆಯ ಮೆಟ್ಟಿಲ ಮುಂದೆ ನಿಲ್ಲಿಸಿದೆ. ಕೀಲಿ ತೆಗೆಯಲು ಧೈರ್ಯವಾಗಲಿಲ್ಲ. ಮಾವನನ್ನು ಗಾಲಿ ಕುರ್ಚಿಯಲ್ಲಿ ಒಳಗೆ ಕರೆದೊಯ್ದು, ಆಕ್ಸಿಜನ್ ಹಾಕಿ, ಯಂತ್ರಕ್ಕೆ ಸೇರಿಸಿದರೆಂದು ಅತ್ತೆ ಬಂದು ಹೇಳುವವರೆಗೆ ಜೀಪು ಅಂಗಳದಲ್ಲಿ ಓಡುತ್ತಲೇ ಇತ್ತು.

ಯಂತ್ರ ನಾಲ್ಕು ಗಂಟೆ ಕೆಲಸ ಮಾಡಿತು. ಬೆಳಗಾಗುವಷ್ಟರಲ್ಲಿ ನಾನೂ ಮಾವುತನೂ ಜೀಪಿನಡಿ, ಆಕ್ಸಲಿನ ಗೇರುಗಳಿರುವ ಕ್ರೌನಿನ ಕೆಳಗೆ ಮಲಗಿ ಡ್ರೈನ್ ನಟ್ಟು ಬಿಚ್ಚಿದ್ದೆವು. ಇಳಿದದ್ದು ಗೇರ್ ಆಯಿಲ್ ಅಲ್ಲ, ನೊರೆ ನೊರೆಯಾದ ಬಿಳಿ ದ್ರವ. ಕೈ ಒರೆಸಿಕೊಂಡು ವಾರ್ಡಿಗೆ ಹೋದೆ. ಮಾವ ಒಂದು ದಿಂಬಿನ ಮೇಲೆ ಒರಗಿದ್ದರು. ಮಾತು ತುಂಡಾಗುತ್ತಿರಲಿಲ್ಲ.

"ಕ್ರೌನ್ ಆಯಿಲ್ ನೋಡಿದೆಯಾ?"

"ನೋಡಿದೆ. ಬೆಳ್ಳಗಾಗಿದೆ."

"ಗೇರ್ ಬಾಕ್ಸು?"

"ಇನ್ನೂ ಬಿಚ್ಚಿಲ್ಲ."

"ಅದರಲ್ಲೂ ನೀರು ಇರುತ್ತದೆ. ಎರಡನ್ನೂ ಬದಲಾಯಿಸು. ಡ್ರಮ್ಮು ನಾಲ್ಕೂ ಬಿಚ್ಚಿ ಒರೆಸು, ಬ್ಯಾಟರಿ ಚಾರ್ಜಿಗೆ ಹಾಕಿಸು. ಕಾಯಿಲಿಗೂ ಒಂದು ಗ್ಲೌಸ್ ತೊಡಿಸು ಈ ಸಲ. ಮಂಗಳವಾರ ಮತ್ತೆ ಬರಬೇಕಲ್ಲ."